ತೂತಿಲ್ಲದ ಗುಂಡಿಗಳು

ಜನವರಿ 9, ಮಂಗಳವಾರ

ಹಳೆಯ ನೋಟುಬುಕ್ಕು ಬೈಗುಳದಿಂದಲೇ ತುಂಬಿಹೋಯಿತು. ಇದು ಹೊಸದು. ಇದೂ ತುಂಬುತ್ತದೆ, ಅನುಮಾನ ಬೇಡ.

ಇವತ್ತು ನನ್ನ ಪಟ್ಟಿಗೆ ಇನ್ನೊಂದು ಮನೆ ತುರುಕಿದರು. ಅರವತ್ತೆರಡನೆಯದು. ಅರವತ್ತೆರಡು ಮನೆಗೆ ಇಬ್ಬರು ನರ್ಸುಗಳು, ಒಂದು ವ್ಯಾನು. ಆ ವ್ಯಾನಿನ ಎರಡೂ ಮಗ್ಗುಲಿಗೆ ಮೊಳದುದ್ದದ ಅಕ್ಷರದಲ್ಲಿ ‘ಮನೋರೋಗಿಗಳ ಮನೆ ಭೇಟಿ ಸೇವೆ’ ಎಂದು ಬರೆಸಿದ್ದಾರೆ. ಬರೆಸಿದ ಮಹಾನುಭಾವನ ಮನೆ ಬಾಗಿಲಿಗೆ ಅದನ್ನು ಒಂದಿಡೀ ದಿನ ನಿಲ್ಲಿಸಬೇಕು. ನಾನು ಎರಡು ಬೀದಿ ಆಚೆಯೇ ನಿಲ್ಲಿಸಿ, ಬಿಳಿ ಕೋಟನ್ನು ಚೀಲಕ್ಕೆ ಹಾಕಿಕೊಂಡು ನಡೆದು ಹೋಗುತ್ತೇನೆ.

ಇಸ್ತ್ರಿ ಅಂಗಡಿಯ ಮೇಲೆ ಒಂದೇ ಕೋಣೆ. ಕೆಳಗೆ ಕೆಂಡ ಉರಿಯುವುದರಿಂದ ನೆಲ ಬೆಚ್ಚಗಿರುತ್ತದೆ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷಿನ್ನು, ಅದರ ಪಕ್ಕ ಸೊಂಟದೆತ್ತರಕ್ಕೆ ಬಟ್ಟೆ ಅಂಗಡಿಯವರ ಅರೆಹೊಲಿದ ಷರಟುಗಳು. ಹೊಲಿಯುವಾಕೆ ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಯಿತು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ, ಷರಟಿನ ಜೇಬಿನಲ್ಲಿ ಚೀಟಿ ಇಟ್ಟು ಬೆದರಿಸುತ್ತಾರೆ ಎಂಬುದು ಅವಳ ಕಾಯಿಲೆ. ಎರಡನೇ ಸಲ ಆಸ್ಪತ್ರೆಗೆ ಸೇರಿಸಿದ ದಿನವೇ ಗಂಡ ಕೈತೊಳೆದುಕೊಂಡು ಹೋದ. ಅವನ ತಾಯಿ ಮಾತ್ರ ಸೊಸೆಯ ಜೊತೆಗೇ ಉಳಿದಿದ್ದಾಳೆ.

“ಮಗ ಓಡಿಹೋದ. ನಾನು ಎಲ್ಲಿಗಂತ ಓಡ್ಲಿ ಸಿಸ್ಟರ್? ಮೊಣಕಾಲು ಬಿಡಬೇಕಲ್ಲ!” ಎಂದಳು ಮುದುಕಿ.

ಒಬ್ಬಳು ಮಗಳು, ಹತ್ತು ವರ್ಷ. ಬಡಕಲು, ಎಲ್ಲರೂ ‘ಕಡ್ಡಿ’ ಅಂತಲೇ ಕರೆಯುವುದು. ಶಾಲೆಯಿಂದ ಬಂದು, ತಾಯಿ ಹೊಲಿದ ಷರಟಿಗೆ ಗುಂಡಿ ಹಾಕುತ್ತಾಳೆ. ಗುಂಡಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ.

ನಮ್ಮ ನಮೂನೆಯಲ್ಲಿ ಮೂವತ್ತೊಂದು ಕಾಲಂ ಇದೆ. ಮನೆಯಲ್ಲಿ ಸಾಕುಪ್ರಾಣಿ ಇದೆಯೇ ಅಂತ ಕೇಳುತ್ತಾರೆ. ಮಕ್ಕಳಿದ್ದಾರೆಯೇ ಅಂತ ಕೇಳುವುದಿಲ್ಲ. ನಾಯಿಗಿರುವ ಬೆಲೆ ಮಗುವಿಗಿಲ್ಲ. ಈ ವರ್ಷ ಇದನ್ನು ಕಿತ್ತು ಬಿಸಾಡಿಸದಿದ್ದರೆ ನಾನು ನರ್ಸುಗಳ ಸಂಘದಲ್ಲಿದ್ದು ಏನು ಪ್ರಯೋಜನ?

ಆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: “ನೋಡು ಕಡ್ಡಿ, ಇನ್ಮೇಲೆ ಈ ಮನೆಗೆ ನೀನೇ ನರ್ಸು. ರಾತ್ರಿ ಊಟ ಆದ್ಮೇಲೆ ಅಮ್ಮನಿಗೆ ಒಂದು ಮಾತ್ರೆ. ಹದಿನೈದು ದಿನಕ್ಕೊಮ್ಮೆ ಬರ್ತೀನಿ. ನಾನು ಬಂದಾಗ ಈ ಮಾತ್ರೆ ಶೀಟು ಖಾಲಿ ಇರ್ಬೇಕು. ಇಲ್ಲದಿದ್ರೆ ವ್ಯಾನ್ ಬರತ್ತೆ, ಅಮ್ಮ ಮತ್ತೆ ವಾರ್ಡಿಗೆ ಹೋಗ್ಬೇಕಾಗತ್ತೆ. ತಿಳೀತಾ?”

ತಲೆಯಾಡಿಸಿದಳು. ಬೆನ್ನು ನೆಟ್ಟಗಾಯಿತು. ಜವಾಬ್ದಾರಿ ಕೊಟ್ಟರೆ ಬಡವರ ಮಕ್ಕಳು ಹೇಗೆ ಅರಳುತ್ತಾರೆ ನೋಡಬೇಕು!

ಜನವರಿ 23, ಮಂಗಳವಾರ

ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹದಿನಾಲ್ಕು ಗೂಡು, ಹದಿನಾಲ್ಕೂ ಒಡೆದಿವೆ. ಅರವತ್ತೆರಡು ಮನೆಯಲ್ಲಿ ಒಂದೂ ತಪ್ಪದ ಶೀಟು ಇದೊಂದೇ. ಕಡ್ಡಿಯ ಬೆನ್ನು ತಟ್ಟಿದೆ. ಅವಳು ನಗಲಿಲ್ಲ.

ಹೊಲಿಗೆಯಾಕೆ ಮಿಷಿನ್ನಿನಿಂದ ತಲೆ ಎತ್ತಲಿಲ್ಲ. ಕೈ ಚುರುಕಾಗಿದೆ. ಹೋದ ಸಲ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದವಳು ಇವಳೇನಾ ಅನ್ನಿಸಿತು. ಮಾತ್ರೆ ಹಿಡಿದಿದೆ.

ಇಡೀ ಭೇಟಿ ಹನ್ನೊಂದು ನಿಮಿಷ. ಕೊಟ್ಟ ಹದಿನೈದರಲ್ಲಿ ನಾಲ್ಕು ನಿಮಿಷ ಉಳಿಯಿತು.

ಕಚೇರಿಯಲ್ಲಿ ಮೇಲ್ವಿಚಾರಕಿಗೆ ಹಬ್ಬ. ‘ತಪ್ಪಿದ ಮಾತ್ರೆ’ ಎಂಬ ಕಾಲಂನಲ್ಲಿ ಸೊನ್ನೆ ಕಂಡರೆ ಆಕೆಗೆ ಹೊಟ್ಟೆ ತುಂಬುತ್ತದೆ. ಅದಕ್ಕೇ ನಾವಿಟ್ಟ ಹೆಸರು ಸೊನ್ನೆ ಮೇಡಂ. “ಎಲ್ಲರೂ ಕೆಂಡ ಸಿಸ್ಟರ್ ಥರ ಕೆಲಸ ಮಾಡ್ರಪ್ಪ” ಎಂದರು. ಕೆಂಡ ಅಂದರೆ ನಾನು. ಮೈ ಉರಿಯಿತು. ಇವರಿಗೆ ಮನುಷ್ಯರು ಬೇಡ, ಕಾಲಂ ತುಂಬಬೇಕು ಅಷ್ಟೆ.

ಫೆಬ್ರವರಿ 6, ಮಂಗಳವಾರ

ಶೀಟು ಖಾಲಿ. ಆದರೆ ಮನೆಯ ಹವಾ ಸರಿಯಿಲ್ಲ. ಹೊಲಿಗೆಯಾಕೆ ಉಸಿರು ಬಿಡದೆ ಮಾತಾಡುತ್ತಿದ್ದಳು, ಕಾಲು ಮಿಷಿನ್ನನ್ನು ತುಳಿಯುತ್ತಲೇ ಇತ್ತು.

“ಸಿಸ್ಟರ್, ನಮ್ಮ ಡಬ್ಬಿಗೆ ಯಾರೋ ಬೇರೆ ಗುಂಡಿ ಬೆರೆಸ್ತಿದಾರೆ.”

“ಬೇರೆ ಅಂದ್ರೆ?”

“ತೂತೇ ಇಲ್ಲ. ಬಿಳೀದು, ಪುಟ್ಟದು, ಮಧ್ಯ ಒಂದು ಗೆರೆ. ದಾರ ಎಲ್ಲಿ ಹಾಕೋದು ಹೇಳಿ? ದಿನಾ ಒಂದೊಂದು ಜಾಸ್ತಿ ಆಗ್ತಿದೆ.”

ಅತ್ತೆ ಹಣೆ ಚಚ್ಚಿಕೊಂಡಳು. “ಶುರುವಾಯ್ತು ನೋಡಿ. ಹೋದ ಸಲ ಜೇಬಲ್ಲಿ ಚೀಟಿ, ಈ ಸಲ ಡಬ್ಬೀಲಿ ಗುಂಡಿ.”

“ನೋಡ್ತೀನಕ್ಕ, ಆಯ್ತು” ಎಂದೆ. ಇಂಥ ಮಾತಿಗೆ ಎದುರಾಡಬಾರದು, ಒಪ್ಪಿಕೊಳ್ಳಲೂ ಬಾರದು. ತರಬೇತಿಯಲ್ಲಿ ಹೇಳಿಕೊಟ್ಟದ್ದು ಹಾಗೆ. ರಿಜಿಸ್ಟರಿನಲ್ಲಿ ಬರೆದೆ: ‘ರೋಗಿಗೆ ಗುಂಡಿಗಳ ಬಗ್ಗೆ ಭ್ರಮೆ. ಮಾತ್ರೆ ಹೆಚ್ಚಿಸಲು ಶಿಫಾರಸು.’

ಮೆಟ್ಟಿಲಿಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದೆ. “ಎಷ್ಟು ತಪ್ಪಿಸಿದ್ದಾಳೆ?” ಎಂದು ಕೇಳಿದರು. “ಒಂದೂ ಇಲ್ಲ ಸಾರ್” ಎಂದೆ. ಹಾಗಾದರೆ ಎರಡು ಮಾಡಿ ಎಂದರು. ಚೀಲದಿಂದ ಇನ್ನೊಂದು ಶೀಟು ತೆಗೆದುಕೊಟ್ಟೆ. ಕಡ್ಡಿ ಎರಡನ್ನೂ ಕೈಯಲ್ಲಿ ಹಿಡಿದು ನಿಂತಳು.

“ಎರಡೂ ಖಾಲಿ ಇರ್ಬೇಕಾ ಸಿಸ್ಟರ್?”

“ಮತ್ತೆ?”

ಹೊರಡುವಾಗ ಚೀಲದಿಂದ ಕೋಟು ಜಾರಿತು. ಅದರ ಮೇಲಿನಿಂದ ಎರಡನೇ ಗುಂಡಿ ಕಿತ್ತುಹೋಗಿ ವಾರವಾಗಿತ್ತು. ಕಡ್ಡಿ ಕೇಳದೆಯೇ ತೆಗೆದುಕೊಂಡಳು. ಗೋಡೆಗೆ ಮುಖ ಮಾಡಿ, ಡಬ್ಬಿಯನ್ನು ಮಡಿಲಲ್ಲಿ ಮುಚ್ಚಿಕೊಂಡಂತೆ ಇಟ್ಟು, ತುಂಬ ಹೊತ್ತು ಹುಡುಕಿ ಒಂದು ಗುಂಡಿ ತೆಗೆದಳು. ಹೊಲಿದು, ಹಲ್ಲಿನಿಂದ ದಾರ ಕಡಿದು ಕೊಟ್ಟಳು. ಎಷ್ಟು ಸಂಕೋಚದ ಹುಡುಗಿ!

ಫೆಬ್ರವರಿ 20, ಮಂಗಳವಾರ

ಎರಡು ಶೀಟು, ಎರಡೂ ಖಾಲಿ. ಮಾತ್ರೆ ಎರಡು ಪಟ್ಟಾಗಿದೆ, ಕಾಯಿಲೆ ನಾಲ್ಕು ಪಟ್ಟಾಗಿದೆ. ಆರು ಷರಟಿನ ತೋಳುಗಳ ಬಾಯನ್ನು ಸೇರಿಸಿ ಹೊಲಿದುಬಿಟ್ಟಿದ್ದಾಳೆ. ಕೈ ತೂರಿಸಲು ದಾರಿಯಿಲ್ಲ. ಅಂಗಡಿಯವರು ಮೂಟೆ ಕಟ್ಟಿ ವಾಪಸು ಕಳಿಸಿದ್ದಾರೆ.

“ನಿದ್ದೆ ಮಾಡ್ತಾಳಾ?” ಅಂದೆ.

“ಅವಳೂ ಮಾಡಲ್ಲ, ನಮಗೂ ಮಾಡಕ್ಕೆ ಬಿಡಲ್ಲ. ನಿಮ್ಮ ಮಾತ್ರೇಲಿ ಏನಿದೆ ಸಿಸ್ಟರ್, ಸುಣ್ಣಾನಾ?” ಎಂದಳು ಅತ್ತೆ.

ಆ ಮಾತು ಕೇಳಿ ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಸುಣ್ಣ! ಹೊಸ ಗುತ್ತಿಗೆದಾರನ ಮಾತ್ರೆ ಬರತೊಡಗಿದ್ದು ಡಿಸೆಂಬರಿನಿಂದ. ಒಂದೂ ತಪ್ಪದೆ ನುಂಗಿದವಳಿಗೆ ಗುಣವಾಗಿಲ್ಲ ಎಂದರೆ ಮಾತ್ರೆಯಲ್ಲಿ ಮದ್ದೇ ಇಲ್ಲ. ಬಡವರ ಹುಚ್ಚಿಗೆ ಸುಣ್ಣ ಸಾಕು ಅಂತ ಯಾವ ಕಳ್ಳ ತೀರ್ಮಾನಿಸಿದ? ನನ್ನ ಕೈಯಲ್ಲಿ ಸಾಕ್ಷಿ ಇದೆ. ಖಾಲಿ ಶೀಟುಗಳನ್ನು ಜೋಪಾನವಾಗಿ ಫೈಲಿಗೆ ಹಾಕಿದ್ದೇನೆ.

ಕಡ್ಡಿ ಬಾಗಿಲವರೆಗೆ ಬಂದಳು. ಏನೋ ಹೇಳುವವಳಂತಿದ್ದಳು. ಅರ್ಜಿಯ ಮೊದಲ ಸಾಲು ನನ್ನ ತಲೆಯಲ್ಲಿ ಓಡುತ್ತಿತ್ತು. “ಮುಂದಿನ ಸಲ ಹೇಳು ಮಗಳೇ” ಎಂದು ಬಂದುಬಿಟ್ಟೆ.

ಮಾರ್ಚ್ 1, ಶುಕ್ರವಾರ

ಇವತ್ತಿನ ಮಾಸಿಕ ಸಭೆಯನ್ನು ಯಾರೂ ಮರೆಯುವುದಿಲ್ಲ.

ಎದ್ದು ನಿಂತು ಖಾಲಿ ಶೀಟುಗಳನ್ನು ಮೇಜಿನ ಮೇಲೆ ಎಸೆದೆ. “ಇಗೋ, ಒಂದು ಮನೆಯ ಲೆಕ್ಕ. ಒಂದೂ ತಪ್ಪಿಲ್ಲ. ಆ ಹೆಂಗಸು ಇವತ್ತು ಷರಟಿನ ತೋಳು ಮುಚ್ಚಿ ಹೊಲೀತಿದಾಳೆ. ನೀವು ನಮ್ಮ ಕೈಲಿ ಮದ್ದು ಹಂಚಿಸ್ತಿದೀರೋ, ಮಣ್ಣು ಹಂಚಿಸ್ತಿದೀರೋ?” ಎಂದೆ. ಹಿಂದಿನ ಸಾಲಿನಿಂದ ಚಪ್ಪಾಳೆ. ನನ್ನ ಜೊತೆಯ ನರ್ಸು, ಅಂದರೆ ನಮ್ಮ ಸಂಘದ ಕಾರ್ಯದರ್ಶಿ, ಬೆಂಚಿನ ಮೇಲೆ ಹತ್ತಿ ಘೋಷಣೆ ಕೂಗಿದಳು. ಸೊನ್ನೆ ಮೇಡಂ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಾತ್ರೆ ಬಗ್ಗೆ ತನಿಖೆಗೆ ಒಪ್ಪಿದರು. ಮಕ್ಕಳ ಕಾಲಂ ಬಗ್ಗೆ ‘ನೋಡೋಣ’ ಎಂದರು.

ಹದಿನಾರು ವರ್ಷದ ನೌಕರಿಯಲ್ಲಿ ಇಂಥ ದಿನ ಬಂದಿರಲಿಲ್ಲ. ಗಂಟಲು ಕಟ್ಟಿದೆ. ಕಟ್ಟಲಿ!

ಮಾರ್ಚ್ 5, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಇಸ್ತ್ರಿ ಅಂಗಡಿಯಾಕೆ ಬೀದಿಯ ತುದಿಗೇ ಓಡಿಬಂದಳು. “ಬೇಗ ಬನ್ನಿ ಸಿಸ್ಟರ್, ಒಳಗಿಂದ ಚಿಲಕ ಹಾಕ್ಕೊಂಡಿದಾಳೆ. ಮಗೂನೂ ಒಳಗೇ ಇದೆ.” ಮುದುಕಿ ಮೆಟ್ಟಿಲ ಕೆಳಗೆ ಕೂತು ಬಿಕ್ಕುತ್ತಿದ್ದಳು. ನಾನು ಬಾಗಿಲ ಹೊರಗೆ ಕೂತು ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಕಡ್ಡಿಯೇ ಚಿಲಕ ತೆಗೆದಳು.

ಅಂಗಡಿಯವರ ನಲವತ್ತು ಷರಟು. ಅಷ್ಟರದ್ದೂ ಗುಂಡಿಗಳನ್ನು ಕತ್ತರಿಯಿಂದ ಕತ್ತರಿಸಿ, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ತೂತು ನೋಡುತ್ತಿದ್ದಳು ಹೊಲಿಗೆಯಾಕೆ. ನಾನು ಶೀಟು ನೋಡುವ ಹಾಗೆಯೇ. ಬಿಸ್ಕತ್ತಿನ ಡಬ್ಬಿ ಮಗುಚಿ ಬಿದ್ದಿತ್ತು. ಕತ್ತರಿಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ಮೊಣಕಾಲೂರಿ ಗುಂಡಿಗಳನ್ನು ಬಾಚತೊಡಗಿದೆ.

ಬಿಳೀದು. ಪುಟ್ಟದು. ಮಧ್ಯ ಒಂದು ಗೆರೆ.

ದಿನಕ್ಕೆ ಇನ್ನೂರು ಸಲ ಕೈಯಲ್ಲಿ ಹಿಡಿಯುವ ಮಾತ್ರೆ. ಬೆಚ್ಚಗಿನ ನೆಲದ ಮೇಲೆ, ಗುಂಡಿಗಳ ನಡುವೆ, ಎಲ್ಲೆಲ್ಲೂ.

“ಎಪ್ಪತ್ತೈದಿದೆ ಸಿಸ್ಟರ್” ಎಂದಳು ಕಡ್ಡಿ. ಗೋಡೆಗೆ ಅಂಟಿಕೊಂಡು ನಿಂತಿದ್ದಳು. “ಮೊದಲ ಒಂಬತ್ತು ದಿನ ತಗೊಂಡ್ಳು. ಆಮೇಲೆ ಬೇಡ ಅಂದ್ಳು. ನೀವೇ ಹೇಳಿದ್ರಲ್ಲ, ಶೀಟು ಖಾಲಿ ಇಲ್ಲದಿದ್ರೆ ವ್ಯಾನ್ ಬರತ್ತೆ ಅಂತ. ಎಸೆಯಕ್ಕೆ ಭಯ ಆಯ್ತು. ಕೇಳಿದ್ರೆ ವಾಪಸ್ ಕೊಡಬೇಕಲ್ಲ.”

ಮಾತ್ರೆಗಳನ್ನೂ ಗುಂಡಿಗಳನ್ನೂ ಒಟ್ಟಿಗೇ ಬಾಚಿ ಡಬ್ಬಿಗೆ ಹಾಕಿದೆ.

ವ್ಯಾನು ಬಂತು. ಹೊಲಿಗೆಯಾಕೆ ಯಾರನ್ನೂ ಮುಟ್ಟಗೊಡದೆ ತಾನೇ ನಡೆದು ಮೆಟ್ಟಿಲಿಳಿದಳು. ಹತ್ತುವ ಮುಂಚೆ ತಿರುಗಿ, “ನಾನು ಹೇಳಿದ್ದೆನಲ್ಲ” ಎಂದಳು ನನಗೆ.

ಡಬ್ಬಿ ನನ್ನ ಚೀಲದಲ್ಲಿದೆ. ಮುದುಕಿಗೂ ಗೊತ್ತಿಲ್ಲ, ಕಚೇರಿಗೂ ಗೊತ್ತಿಲ್ಲ.

ಮಾರ್ಚ್ 6

ಕಡ್ಡಿ ಶಾಲೆಗೆ ಹೋಗಿಲ್ಲ.

ಮಾರ್ಚ್ 8, ಶುಕ್ರವಾರ

ಸೊನ್ನೆ ಮೇಡಂ ವರದಿಯ ನಮೂನೆ ಕೊಟ್ಟರು. ‘ರೋಗ ಮರುಕಳಿಸಲು ಕಾರಣ’ ಎಂದು ಮೂರು ಚೌಕ. ಒಂದು, ರೋಗಿಯ ಅಸಹಕಾರ. ಎರಡು, ಕುಟುಂಬದ ನಿರ್ಲಕ್ಷ್ಯ. ಮೂರು, ಔಷಧದ ದೋಷ. ನರ್ಸಿನ ತಪ್ಪು ಎಂಬ ಚೌಕ ಇಲ್ಲ. ಇಂಥ ಹೊತ್ತಲ್ಲಿ ನಮೂನೆ ಎಷ್ಟು ದಯಾಮಯಿ!

ಒಂದಕ್ಕೋ ಎರಡಕ್ಕೋ ಗುರುತು ಹಾಕಿದರೆ ಮನೆಯೇ ಸರಿಯಿಲ್ಲ ಅಂತ ಮಕ್ಕಳ ಕಲ್ಯಾಣ ಅಧಿಕಾರಿ ಕಡ್ಡಿಯನ್ನು ಅನಾಥರ ಹಾಸ್ಟೆಲಿಗೆ ಹಾಕುತ್ತಾರೆ. ಹತ್ತೊಂಬತ್ತನೇ ತಾರೀಖಿಗೆ ತೀರ್ಮಾನ.

ಮಧ್ಯಾಹ್ನ ಜೊತೆಯವಳಿಗೆ ಎಲ್ಲ ಹೇಳಿದೆ. ಟೀ ಲೋಟ ಕೈಯಲ್ಲೇ ಹಿಡಿದು ಕೂತುಬಿಟ್ಟಳು.

“ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

“ಹಾಗಿದ್ರೆ ಗೊತ್ತಾಗೋದೂ ಬೇಡ. ಮೂರಕ್ಕೆ ಗುರುತು ಹಾಕು. ಮಗು ಅಜ್ಜಿ ಹತ್ರ ಉಳಿಯತ್ತೆ, ನಿನ್ನ ನೌಕರಿ ಉಳಿಯತ್ತೆ, ನಮ್ಮ ಹೋರಾಟಾನೂ ಉಳಿಯತ್ತೆ. ಯಾರಿಗೇನೇ ನಷ್ಟ?”

“ಸುಳ್ಳಲ್ವಾ?”

“ಅವರು ಇಷ್ಟು ವರ್ಷ ಬರೆದಿದ್ದೆಲ್ಲ ನಿಜಾನಾ? ನೀನು ಈಗ ಬಾಯಿ ಬಿಟ್ರೆ ನಾಳೆಯಿಂದ ನಮ್ಮ ಒಂದು ಮಾತನ್ನೂ ಯಾರೂ ನಂಬಲ್ಲ ಕಣೇ. ನಲವತ್ತು ಜನ ನರ್ಸುಗಳ ಹೊಟ್ಟೆ ಮೇಲೆ ಹೊಡೀತೀಯ.”

ಮೂರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ಮಾರ್ಚ್ 11

ಇವತ್ತು ಐದು ಮನೆ. ಎಲ್ಲ ಕಡೆ ಶೀಟು ತೋರಿಸಿದರು. ನಾನು ಬೆಳಕಿಗೆ ಹಿಡಿಯಲಿಲ್ಲ. ಒಂದೇ ಮನೆಯಲ್ಲಿ ಒಂದು ಗಂಟೆ ಕೂತುಬಿಟ್ಟೆ. ಎರಡು ಮನೆ ಬಾಕಿ ಉಳಿದವು. ಕಚೇರಿಗೆ ಏನು ಹೇಳುವುದೋ ತಿಳಿಯದು.

ಮಾರ್ಚ್ 13, ಬುಧವಾರ

ವಾರ್ಡಿಗೆ ಹೋಗಿದ್ದೆ. ಹದಿನೆಂಟು ಹಾಸಿಗೆ. ಕಿಟಕಿಗಳು ಮೇಲೆ, ಕೈಗೆ ಎಟುಕದ ಎತ್ತರದಲ್ಲಿ. ಮಕ್ಕಳಿಗೆ ಪ್ರವೇಶವಿಲ್ಲ ಎಂಬ ಹಲಗೆ ಬಾಗಿಲಿಗೇ ಇದೆ.

ಡಾಕ್ಟರು ಕೇಸಿನ ಹಾಳೆ ತೋರಿಸಿದರು. “ಎಂಬತ್ತನಾಲ್ಕು ಮಾತ್ರೆ ನುಂಗಿದ್ರೂ ಇಳೀಲಿಲ್ಲ ಅಂದ್ರೆ ಆ ಮದ್ದು ಇವಳಿಗೆ ಕೆಲಸ ಮಾಡಲ್ಲ ಅಂತ ಅರ್ಥ. ಅದಕ್ಕೇ ಇದಕ್ಕಿಂತ ಗಟ್ಟಿದು ಶುರು ಮಾಡಿದೀವಿ.” ಎಂಬತ್ತನಾಲ್ಕು ನನ್ನ ಅಂಕಿ. ನನ್ನ ಸಹಿ ಕೆಳಗಿದೆ.

ಯಾರಿಗೇನೇ ನಷ್ಟ ಎಂದು ಕೇಳಿದ್ದಳಲ್ಲ ಜೊತೆಯವಳು. ನಷ್ಟ ನಾಲ್ಕನೇ ಹಾಸಿಗೆಯ ಮೇಲೆ ಕೂತಿತ್ತು. ಕತ್ತು ಒಂದು ಕಡೆ ವಾಲಿದೆ. ತುಟಿಯ ಕೊನೆಯಲ್ಲಿ ಜೊಲ್ಲು. ಎರಡೂ ಕೈ ತೊಡೆಯ ಮೇಲೆ ನಡುಗುತ್ತಿವೆ, ಓಡುವ ಮಿಷಿನ್ನಿನ ಮೇಲೆ ಇಟ್ಟ ಹಾಗೆ.

“ಕಡ್ಡಿ ಊಟ ಮಾಡ್ತಾಳಾ?” ಮೊದಲ ಪ್ರಶ್ನೆ ಅದೇ.

“ಮಾಡ್ತಾಳಕ್ಕ.” ನಿಜವಾಗಿ ನನಗೆ ಗೊತ್ತಿರಲಿಲ್ಲ. ಆ ಹುಡುಗಿಯನ್ನು ನಾನು ಶೀಟಿನ ಹೊರತು ಬೇರೇನೂ ಕೇಳಿದವಳೇ ಅಲ್ಲ.

“ಮಾತ್ರೆ ಯಾಕೆ ಬಿಟ್ರಿ?” ಎಂದೆ. ಒಂಬತ್ತು ವಾರದಲ್ಲಿ ಮೊದಲ ಸಲ ಕೇಳಿದ್ದು.

“ತಗೊಂಡ್ರೆ ಕೈ ಹೀಗಾಗತ್ತೆ. ಸೂಜಿಗೆ ದಾರ ಹೋಗಲ್ಲ. ಹೊಲೀದಿದ್ರೆ ಮೂರು ಹೊಟ್ಟೆಗೆ ಏನು ಹಾಕ್ಲಿ? ನಾನೇನು ಬಚ್ಚಿಟ್ಟಿರ್ಲಿಲ್ಲ. ನೀವು ಕೇಳಿದ್ರೆ ಹೇಳ್ತಿದ್ದೆ.” ನಾಲಗೆ ಎಳೆದೆಳೆದು ಅಂದಳು, “ಆ ನಿಮ್ಮ ರಿಜಿಸ್ಟರಲ್ಲಿ ಗುಂಡಿ ವಿಷಯ ಏನಂತ ಬರೆದಿದೀರಿ?”

ಹೇಳಿದೆ. ಭ್ರಮೆ ಎಂದು ಬರೆದಿದ್ದೇನೆ ಎಂದೆ.

“ನನಗೆ ಇಲ್ಲದ್ದು ಎಷ್ಟೋ ಕಾಣತ್ತೆ ಸಿಸ್ಟರ್. ಒಪ್ಕೋತೀನಿ. ಚೀಟಿ ಇರ್ಲಿಲ್ಲ, ಅದೂ ಈಗ ಗೊತ್ತಾಗ್ತಿದೆ. ಆದರೆ ಗುಂಡಿ ಇತ್ತು. ಅದೊಂದು ನಿಜ ಅಂತ ಬರೀರಿ. ಒಂದಾದ್ರೂ ನನ್ನ ಕಡೆ ಇರ್ಲಿ.”

ಮಾರ್ಚ್ 14, ಗುರುವಾರ

ಪೆನ್ಸಿಲ್ ಗುರುತು ಅಳಿಸಿದೆ. ಮೂರು ಚೌಕವನ್ನೂ ಖಾಲಿ ಬಿಟ್ಟು ಕೆಳಗೆ ಬರೆದೆ. ಹತ್ತು ವರ್ಷದ ಮಗುವಿನ ಮೇಲೆ ನನ್ನ ಕೆಲಸ ಹೊರಿಸಿದ್ದು ನಾನು, ವ್ಯಾನು ಬರುತ್ತದೆ ಎಂದು ಹೆದರಿಸಿದ್ದು ನಾನು, ತಾಯಿಯನ್ನು ಕೇಳದೆ ಖಾಲಿ ಗೂಡು ಎಣಿಸಿದ್ದು ನಾನು. ಹೊಸ ಮದ್ದು ನಿಲ್ಲಿಸಿ, ಹಳೆಯದನ್ನೇ ಕೈ ನಡುಗದ ಹಾಗೆ ನೋಡಿಕೊಂಡು ಕೊಡಬೇಕು ಎಂದು ಡಾಕ್ಟರಿಗೂ ಒಂದು ಪ್ರತಿ. ಎಪ್ಪತ್ತೈದು ಮಾತ್ರೆಗಳನ್ನು ಲಕೋಟೆಗೆ ಹಾಕಿ ಲಗತ್ತಿಸಿದೆ.

ಸೊನ್ನೆ ಮೇಡಂ ಓದಿ ಕನ್ನಡಕ ತೆಗೆದರು. “ಇದನ್ನ ನಾನು ನೋಡೇ ಇಲ್ಲ ಅಂದ್ಕೋತೀನಿ. ತಗೊಂಡು ಹೋಗಿ ಇನ್ನೊಂದು ಸಲ ಬರೀರಿ.”

“ಇನ್ನೊಂದು ಸಲ ಬರೆದ್ರೂ ಇದೇ ಬರೋದು ಮೇಡಂ.”

ಜೊತೆಯವಳು ಬಾಗಿಲಲ್ಲೇ ನಿಂತಿದ್ದಳು. ನಾನು ಹತ್ತಿರ ಹೋದಾಗ ದಾರಿ ಬಿಟ್ಟಳು, ಮುಖ ನೋಡಲಿಲ್ಲ.

ಮಾರ್ಚ್ 19, ಮಂಗಳವಾರ

ತೀರ್ಮಾನ ಬಂತು. ಕಡ್ಡಿ ಎರಡು ತಿಂಗಳು ಅಜ್ಜಿಯ ಬಳಿ ಇರಬಹುದು. ಆಮೇಲೆ ಮತ್ತೆ ನೋಡುತ್ತಾರಂತೆ. ಹಾಳಾದ ಷರಟಿನ ಲೆಕ್ಕಕ್ಕೆ ಬಟ್ಟೆ ಅಂಗಡಿಯವರು ಮಿಷಿನ್ನನ್ನು ಎತ್ತಿಕೊಂಡು ಹೋಗಿದ್ದಾರೆ. ಮುದುಕಿ ಈಗ ಕೆಳಗಿನ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಾಳೆ.

ಮಾತ್ರೆಯ ತನಿಖೆ ಕೈಬಿಟ್ಟರು. ಗುತ್ತಿಗೆದಾರ ಸಿಹಿ ಹಂಚಿದನಂತೆ. ಅವನ ಮಾತ್ರೆ ಸುಣ್ಣವೋ ಮದ್ದೋ, ಇನ್ನು ಯಾರೂ ಕೇಳುವುದಿಲ್ಲ. ಅದನ್ನೂ ನಾನೇ ಮಾಡಿದ್ದು.

ನನ್ನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಮಾತ್ರೆ ಪೆಟ್ಟಿಗೆ ಎಣಿಸುವ ಕೆಲಸ. ಅರವತ್ತೆರಡು ಮನೆಗೆ ಈಗ ಒಬ್ಬಳೇ ನರ್ಸು.

ಸಂಜೆ ಗುಂಡಿ ಡಬ್ಬಿ ವಾಪಸು ಕೊಡಲು ಹೋದೆ. ಕಡ್ಡಿ ಬಾಗಿಲು ತೆಗೆದವಳೇ ನನ್ನ ಚೀಲ ನೋಡಿದಳು.

“ಶೀಟು ತಂದಿದೀರಾ? ಅಮ್ಮ ಬಂದ್ಮೇಲೆ ಮತ್ತೆ ನಾನೇ ಎಣಿಸ್ಬೇಕಾ?”

“ಬೇಡ ಮಗಳೇ. ಅದು ನಿನ್ನ ಕೆಲಸ ಅಲ್ಲ. ಆವತ್ತೂ ಆಗಿರ್ಲಿಲ್ಲ.”

ನಂಬಿದ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ಬ್ರೆಡ್ಡು, ಎರಡು ಚೂರು ಎಂದಳು. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ದಿನಾ ಸಂಜೆ ಬರುತ್ತೇನೆ ಎಂದಿದ್ದೇನೆ. ಕಾಲಂಗೆ ಸೇರದ ಭೇಟಿ.

ಏಪ್ರಿಲ್ 2, ಮಂಗಳವಾರ

ಉಗ್ರಾಣದ ಕೆಲಸ ಮುಗಿಸಿ ವಾರ್ಡಿಗೆ ಹೋದೆ. ಹಳೆಯ ಮದ್ದಿಗೆ ಮರಳಿದ್ದಾರೆ. ಕತ್ತು ನೆಟ್ಟಗಾಗಿದೆ. ಕೈ ಇನ್ನೂ ನಡುಗುತ್ತದೆ, ಮೊದಲಿನಷ್ಟಿಲ್ಲ. ಎಷ್ಟು ನಿಲ್ಲುತ್ತದೋ ಹೇಳಲಾಗದು ಎಂದರು ಡಾಕ್ಟರು. ಎಂದು ಮನೆಗೆ ಎಂಬುದನ್ನೂ ಹೇಳಲಿಲ್ಲ.

“ಬರೆದ್ರಾ?” ಎಂದಳು.

ರಿಜಿಸ್ಟರಿನಲ್ಲಿ ಹೊಸದಾಗಿ ಬರೆದ ಸಾಲನ್ನು ಚೀಟಿಯಲ್ಲಿ ನಕಲು ಮಾಡಿಕೊಂಡು ಹೋಗಿದ್ದೆ. ಓದಿದೆ: ‘ಫೆಬ್ರವರಿ ಆರರ ನಮೂದು ತಪ್ಪು. ಡಬ್ಬಿಯಲ್ಲಿ ತೂತಿಲ್ಲದ ಗುಂಡಿಗಳಿವೆ ಎಂದು ತಾಯಿ ಹೇಳಿದ್ದು ನಿಜ. ನಾನು ಡಬ್ಬಿ ತೆಗೆದು ನೋಡಲಿಲ್ಲ.’

ಇನ್ನೊಂದು ಸಲ ಓದಿ ಎಂದಳು. ಓದಿದೆ. ಚೀಟಿಯನ್ನು ತೆಗೆದುಕೊಂಡು ನಾಲ್ಕಾಗಿ ಮಡಿಸಿ ದಿಂಬಿನ ಕೆಳಗಿಟ್ಟಳು.

ಆಮೇಲೆ ಅವಳ ಕಣ್ಣು ನನ್ನ ಕೋಟಿನ ಮೇಲೆ ನಿಂತಿತು. ನಡುಗುವ ಬೆರಳು ಚಾಚಿ ಮೇಲಿನಿಂದ ಎರಡನೇ ಗುಂಡಿಯನ್ನು ಹಿಡಿದಳು. ಎಳೆದು ನೋಡಿದಳು. ತಿರುಗಿಸಿ, ಹಿಂದಿನ ದಾರವನ್ನು ಉಗುರಿನಿಂದ ತಡವಿದಳು.

“ಕಡ್ಡಿ ಹಾಕಿದ್ದಲ್ವಾ?”

“ಹೂಂ ಅಕ್ಕ.”

“ಎಂಟು ಸುತ್ತು ಹಾಕಿದಾಳೆ. ನಾಲ್ಕು ಸಾಕಾಗಿತ್ತು.”

ತುಂಬ ಹೊತ್ತು ಆ ಗುಂಡಿಯನ್ನು ಬಿಡಲಿಲ್ಲ. ನಾನೂ ಏಳಲಿಲ್ಲ.

ನಾಳೆ ಸಂಜೆ ಹೋದಾಗ ಆ ಹುಡುಗಿಗೆ ಹೇಳಬೇಕು, ನಾಲ್ಕು ಸುತ್ತು ಸಾಕಂತೆ ಅಂತ. ನಿಮ್ಮಮ್ಮ ಹೇಳಿದ್ದು ಅಂತ.